ಲೂವ್ರ್‌ನಲ್ಲಿ ಖಾಸಗಿ ಗೈಡ್: ಎರಡೂವರೆ ಗಂಟೆಯಲ್ಲಿ ಏನು ನೋಡಬೇಕು, ಏನು ಬಿಡಬೇಕು?

ಪ್ಯಾರಿಸ್‌ಗೆ ಹೋಗಿ ಬಂದವರ ಮೊಬೈಲ್‌ನಲ್ಲಿ ಸಾಮಾನ್ಯವಾಗಿ ಒಂದು ಫೋಟೊ ಇದ್ದೇ ಇರುತ್ತದೆ. ಮುಂದೆ ಮೂವತ್ತು ನಲವತ್ತು ತಲೆಗಳು, ಅವುಗಳ ಮೇಲೆ ಎತ್ತಿ ಹಿಡಿದ ಮೊಬೈಲ್‌ಗಳು, ದೂರದಲ್ಲಿ ಗಾಜಿನ ಹಿಂದೆ ಅಂಚೆಚೀಟಿಯಷ್ಟು ಕಾಣುವ ಮೋನಾಲಿಸಾ. ಆ ಫೋಟೊ ತೆಗೆಯಲು ಅವರು ಲಕ್ಷಗಟ್ಟಲೆ ಖರ್ಚು ಮಾಡಿ ಹೋಗಿರುತ್ತಾರೆ, ಷೆಂಗೆನ್ ವೀಸಾಕ್ಕೆ ಅಲೆದಿರುತ್ತಾರೆ, ಅಂದು ಬೆಳಗ್ಗೆ ಸಾಲಿನಲ್ಲಿ ನಿಂತಿರುತ್ತಾರೆ. ಮ್ಯೂಸಿಯಂನಲ್ಲಿ ಮತ್ತೇನು ನೋಡಿದಿರಿ ಎಂದು ಕೇಳಿದರೆ ಮಾತ್ರ ಉತ್ತರ ತಡವರಿಸುತ್ತದೆ. 'ತುಂಬಾ ದೊಡ್ಡದು, ಕಾಲು ನೋವು ಬಂತು' ಎಂಬುದೇ ಹೆಚ್ಚಿನವರ ನೆನಪು.

ಈ ಕಾರಣಕ್ಕೇ ಲೂವ್ರ್‌ಗೆ ಖಾಸಗಿ ಗೈಡ್ ಗೊತ್ತುಮಾಡಿಕೊಂಡು ಹೋಗುವವರ ಸಂಖ್ಯೆ ಕಡಿಮೆಯೇನಿಲ್ಲ. ಟಿಕೆಟ್ ಜೊತೆಗೆ ಮತ್ತೆ ಕೆಲವು ನೂರು ಯೂರೋ ಕೊಟ್ಟು, ಒಬ್ಬ ಗೈಡ್ ತಮ್ಮ ಕುಟುಂಬದ ಜೊತೆ ಮಾತ್ರ ಎರಡು ಮೂರು ಗಂಟೆ ಇರುವಂತೆ ವ್ಯವಸ್ಥೆ ಮಾಡಿಕೊಳ್ಳುವುದು. ಇದು ದುಡ್ಡಿದ್ದವರ ಶೋಕಿಯೇ, ಅಥವಾ ಕೊಟ್ಟ ಹಣಕ್ಕೆ ಬೆಲೆ ಇದೆಯೇ? ಉತ್ತರ ಗೈಡ್ ಎಷ್ಟು ತೋರಿಸುತ್ತಾರೆ ಎಂಬುದಕ್ಕಿಂತ, ಎಷ್ಟನ್ನು ಧೈರ್ಯವಾಗಿ ಬಿಟ್ಟು ಮುಂದೆ ಸಾಗುತ್ತಾರೆ ಎಂಬುದರಲ್ಲಿದೆ.

32 ದಿನ ಬೇಕು!

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಲೂವ್ರ್‌ನಲ್ಲಿ ಪ್ರದರ್ಶನಕ್ಕಿಟ್ಟಿರುವ ಕಲಾಕೃತಿಗಳು ಸುಮಾರು 35 ಸಾವಿರ. ಒಂದೊಂದರ ಮುಂದೆ ಬರೀ ಅರ್ಧ ನಿಮಿಷ ನಿಂತರೂ 290 ಗಂಟೆ ದಾಟುತ್ತದೆ. ಬೆಳಗ್ಗೆ 9ಕ್ಕೆ ಬಾಗಿಲು ತೆರೆದಾಗ ಒಳಹೊಕ್ಕು ಸಂಜೆ 6ಕ್ಕೆ ಹೊರಬಂದರೆ, ಊಟ ತಿಂಡಿ ಬಿಟ್ಟರೂ, 32 ದಿನ ಬೇಕು. ಪ್ಯಾಕೇಜ್ ಟೂರ್‌ನವರು ಕೊಡುವುದು ಅರ್ಧ ದಿನ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಕಟ್ಟಡವೂ ಸುಲಭದ್ದಲ್ಲ. ಸುಮಾರು 1190ರಲ್ಲಿ ದೊರೆ ಫಿಲಿಪ್ ಆಗುಸ್ಟ್ ಇದನ್ನು ಕೋಟೆಯಾಗಿ ಕಟ್ಟಿಸಲು ಶುರುಮಾಡಿದ. ಮುಂದಿನ ರಾಜರು ಅರಮನೆ ಮಾಡಿಕೊಂಡರು, ಒಬ್ಬೊಬ್ಬರೂ ಒಂದೊಂದು ಭಾಗ ಸೇರಿಸುತ್ತ ಹೋದರು. 1682ರಲ್ಲಿ 14ನೇ ಲೂಯಿ ಆಸ್ಥಾನವನ್ನೇ ವರ್ಸೇಲ್ಸ್‌ಗೆ ಸಾಗಿಸಿದ. ಫ್ರೆಂಚ್ ಕ್ರಾಂತಿಯ ಬಳಿಕ, 1793ರ ಆಗಸ್ಟ್ 10ರಂದು, ರಾಜರ ಸಂಗ್ರಹ ಜನರಿಗೆ ತೆರೆದುಕೊಂಡು ಮ್ಯೂಸಿಯಂ ಆಯಿತು. ಮ್ಯೂಸಿಯಂಗೆಂದೇ ಕಟ್ಟಿದ ಮನೆಯಲ್ಲವಾದ್ದರಿಂದ ಮೆಟ್ಟಿಲು, ತಿರುವು, ಅರ್ಧ ಮಹಡಿ, ಎಲ್ಲಿಗೋ ಹೊರಟು ಎಲ್ಲಿಗೋ ತಲುಪುವ ಓಣಿಗಳು ಹೇರಳ. ಇಂದು ಅದನ್ನು ಡೆನೋನ್, ಸುಲ್ಲಿ, ರಿಶೆಲ್ಯೂ ಎಂಬ ಮೂರು ಭಾಗಗಳಾಗಿ ಗುರುತಿಸುತ್ತಾರೆ. ಅಂಗಳದ ಗಾಜಿನ ಪಿರಮಿಡ್ ಮಾತ್ರ ತೀರ ಹೊಸದು, ಚೀನೀ ಮೂಲದ ಅಮೆರಿಕನ್ ವಾಸ್ತುಶಿಲ್ಪಿ ಐ.ಎಂ. ಪೇ ವಿನ್ಯಾಸ ಮಾಡಿದ್ದು, 1989ರಲ್ಲಿ ತೆರೆದದ್ದು. ಪ್ಯಾರಿಸ್ಸಿಗರು ಅಂದು ಅದನ್ನು ಹಿಗ್ಗಾಮುಗ್ಗಾ ಬೈದಿದ್ದರು. ಈಗ ಅದರ ಮುಂದೆಯೇ ಮದುವೆ ಫೋಟೊ ತೆಗೆಸಿಕೊಳ್ಳುತ್ತಾರೆ.

ಈ ಜಾಗಕ್ಕೆ 2024ರಲ್ಲಿ 87 ಲಕ್ಷ ಜನ ಬಂದರು. ದಿನಕ್ಕೆ 30 ಸಾವಿರ ಎಂದು ಮಿತಿ ಹಾಕಿದ ಮೇಲಿನ ಮಾತಿದು. ಅವರಲ್ಲಿ ಬಹುಪಾಲು ಜನ ನೇರವಾಗಿ ನಡೆಯುವುದು ಒಂದೇ ಕೋಣೆಯ ಕಡೆಗೆ.

ಯಾರು ಈ ಗೈಡ್?

ಹಂಪಿಯಲ್ಲೋ ತಾಜ್‌ಮಹಲ್ ಮುಂದೆಯೋ 'ಗೈಡ್ ಬೇಕಾ ಸಾರ್' ಎಂದು ಬೆನ್ನು ಹತ್ತುವವರನ್ನು ಕಂಡವರಿಗೆ ಫ್ರಾನ್ಸ್‌ನ ಪದ್ಧತಿ ಬೇರೆ ಎನಿಸುತ್ತದೆ. ಅಲ್ಲಿ ಮ್ಯೂಸಿಯಂ ಮತ್ತು ಐತಿಹಾಸಿಕ ಸ್ಮಾರಕಗಳಲ್ಲಿ ವಿವರಣೆ ಕೊಡುವ ವೃತ್ತಿಗೆ 'ಗೀಡ್ ಕಾನ್ಫೆರಾನ್ಸಿಯೇ' ಎಂಬ ಹೆಸರಿದೆ, ಸರ್ಕಾರದ ವೃತ್ತಿ ಕಾರ್ಡ್ ಇದೆ. ಪದವಿ ಮಟ್ಟದ ಓದು ಮತ್ತು ಭಾಷಾ ಜ್ಞಾನ ತೋರಿಸಿದವರಿಗೆ ಅದು ಸಿಗುತ್ತದೆ. ಅನೇಕರು ಕಲಾ ಇತಿಹಾಸ ಓದಿದವರು.

ಹಾಗಾಗಿ ಬುಕ್ ಮಾಡುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಬರುವ ಗೈಡ್‌ಗೆ ಈ ಕಾರ್ಡ್ ಇದೆಯೇ? ಹೌದು ಎಂದು ಒಂದೇ ಮಾತಿನಲ್ಲಿ ಹೇಳದೆ ಸುತ್ತು ಬಳಸಿದರೆ ಬೇರೆಯವರನ್ನು ನೋಡುವುದು ಒಳ್ಳೆಯದು. ಅಂಗಳದಲ್ಲಿ ಎದುರಾಗಿ 'ಈಗಲೇ ಒಳಗೆ ಬಿಡಿಸುತ್ತೇನೆ' ಎನ್ನುವವರ ಸಹವಾಸವಂತೂ ಬೇಡವೇ ಬೇಡ.

ಜಾಹೀರಾತುಗಳಲ್ಲಿ ದೊಡ್ಡದಾಗಿ ಕಾಣುವ 'ಸಾಲು ತಪ್ಪಿಸಿ' ಎಂಬ ಮಾತನ್ನೂ ಅರ್ಧದಷ್ಟೇ ನಂಬಬೇಕು. ಸಮಯ ನಿಗದಿಯಾದ ಟಿಕೆಟ್ ಮುಂಗಡ ಪಡೆದ ಎಲ್ಲರಿಗೂ ಟಿಕೆಟ್ ಕೌಂಟರಿನ ಸಾಲು ಹೇಗೂ ತಪ್ಪುತ್ತದೆ. ಅದಕ್ಕೆ ಗೈಡ್ ಬೇಕಿಲ್ಲ. ಭದ್ರತಾ ತಪಾಸಣೆ ಮಾತ್ರ ಯಾರಿಗೂ ತಪ್ಪದು. ತಿರುಪತಿಯ ವಿಶೇಷ ದರ್ಶನದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೋನಾಲಿಸಾ ಮುಂದಿನ ಜನಜಂಗುಳಿಯಲ್ಲಂತೂ ಎಲ್ಲರೂ ಸಮಾನರು.

ಖರ್ಚಿನ ಲೆಕ್ಕ

2026ರ ಜನವರಿ 14ರಿಂದ ಯುರೋಪಿನ ಹೊರಗಿನಿಂದ ಬರುವವರಿಗೆ ಲೂವ್ರ್ ಟಿಕೆಟ್ ದರ 32 ಯೂರೋ. ಅದಕ್ಕೂ ಮುಂಚೆ ಎಲ್ಲರಿಗೂ 22 ಯೂರೋ ಇತ್ತು. ರೂಪಾಯಿಯಲ್ಲಿ ತಲೆಗೆ 3 ಸಾವಿರ ಸುಲಭವಾಗಿ ದಾಟುತ್ತದೆ. 18 ವರ್ಷದೊಳಗಿನ ಮಕ್ಕಳಿಗೆ, ಅವರು ಯಾವ ದೇಶದವರಾದರೂ ಸರಿ, ಪ್ರವೇಶ ಉಚಿತ. ವಯಸ್ಸಿನ ದಾಖಲೆಗೆ ಪಾಸ್‌ಪೋರ್ಟ್ ಜೊತೆಯಲ್ಲಿರಲಿ.

ಖಾಸಗಿ ಗೈಡ್ ಶುಲ್ಕ ಸಾಮಾನ್ಯವಾಗಿ ತಲೆ ಲೆಕ್ಕದಲ್ಲಲ್ಲ, ಇಡೀ ಗುಂಪಿಗೆ. ಇದು ಗಮನಿಸಬೇಕಾದ ಸಂಗತಿ. ಇಬ್ಬರೇ ಹೋದರೆ ದುಬಾರಿ. ಅಜ್ಜ ಅಜ್ಜಿ, ಮಗ ಸೊಸೆ, ಇಬ್ಬರು ಮಕ್ಕಳು ಎಂದು ಆರು ಜನ ಹೋದರೆ ಹಂಚಿ ಬರುವ ಮೊತ್ತ ಬೇರೆಯೇ ಆಗುತ್ತದೆ. ಹೇಳಿದ ಶುಲ್ಕದಲ್ಲಿ ಟಿಕೆಟ್ ಸೇರಿದೆಯೋ ಇಲ್ಲವೋ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಹೆಚ್ಚಿನ ಜಗಳ ಹುಟ್ಟುವುದು ಅಲ್ಲೇ.

ಇನ್ನೊಂದು ಷರತ್ತನ್ನೂ ಓದಬೇಕು. 2025ರ ಜೂನ್ 16ರಂದು ವಿಪರೀತ ಜನದಟ್ಟಣೆ ಮತ್ತು ಸಿಬ್ಬಂದಿ ಕೊರತೆಯಿಂದ ಬೇಸತ್ತ ನೌಕರರು ಹಠಾತ್ತಾಗಿ ಕೆಲಸ ನಿಲ್ಲಿಸಿದರು. ಟಿಕೆಟ್ ಹಿಡಿದು ಬಂದ ಸಾವಿರಾರು ಜನ ಪಿರಮಿಡ್ ಮುಂದೆ ಬಿಸಿಲಲ್ಲಿ ಕಾದರು. ಅಂಥ ದಿನ ಬಂದರೆ ಗೈಡ್ ಶುಲ್ಕ ಮರಳುತ್ತದೆಯೇ, ಇಲ್ಲವಾದರೆ ಬೇರೆ ಮ್ಯೂಸಿಯಂ ತೋರಿಸುತ್ತಾರೆಯೇ? ಪ್ಯಾರಿಸ್‌ನಲ್ಲಿ ಮೂರೇ ದಿನ ಇರುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಒಳ್ಳೆಯ ಗೈಡ್ ಎಲ್ಲಿಂದ ಶುರುಮಾಡುತ್ತಾರೆ?

ಮೋನಾಲಿಸಾದಿಂದಲ್ಲ. ಬಹಳಷ್ಟು ಅನುಭವಿಗಳು ಮೊದಲು ಸುಲ್ಲಿ ಭಾಗದ ನೆಲಮಾಳಿಗೆಗೆ ಕರೆದೊಯ್ಯುತ್ತಾರೆ. ಅಲ್ಲಿ ಚಿತ್ರವಿಲ್ಲ, ಶಿಲ್ಪವಿಲ್ಲ. ಹಳೆಯ ಕೋಟೆಯ ಬುಡ ಮತ್ತು ಕಂದಕವಿದೆ. ಪಿರಮಿಡ್ ಕೆಲಸದ ಕಾಲದಲ್ಲಿ ಅಗೆದಾಗ ಬಯಲಾದ ಆ ಗೋಡೆಯ ಪಕ್ಕ ನಡೆಯುವಾಗ, ತಲೆಯ ಮೇಲಿರುವುದು 800 ವರ್ಷಗಳ ಕಟ್ಟಡ ಎಂಬುದು ಮಕ್ಕಳಿಗೂ ಅರ್ಥವಾಗುತ್ತದೆ. ಜನವೂ ಕಡಿಮೆ. ಎರಡು ನಿಮಿಷ ಸದ್ದಿಲ್ಲದೆ ನಿಲ್ಲಬಹುದು.

ಅಲ್ಲಿಂದ ಗ್ರೀಕ್ ಶಿಲ್ಪಗಳ ಕಡೆಗೆ. ಮಿಲೋದ ವೀನಸ್ ಮುಂದೆ ಎಲ್ಲರೂ ಕೇಳುವುದು ಕೈಗಳು ಎಲ್ಲಿ ಎಂದು. ಸಾಧಾರಣ ಗೈಡ್ ಅದಕ್ಕೆ ನಾಲ್ಕು ಊಹೆ ಹೇಳಿ ಮುಗಿಸುತ್ತಾರೆ. ಬಲ್ಲ ಗೈಡ್ ಬೇರೊಂದು ಕಥೆ ಎತ್ತುತ್ತಾರೆ. ನೆಪೋಲಿಯನ್ ಇಟಲಿಯಿಂದ ಹೊತ್ತು ತಂದಿದ್ದ ಮೆಡಿಚಿ ವೀನಸ್ ಎಂಬ ಜಗತ್ಪ್ರಸಿದ್ಧ ಶಿಲ್ಪವನ್ನು, ಅವನು ಸೋತ ಮೇಲೆ 1815ರಲ್ಲಿ ಫ್ಲಾರೆನ್ಸ್‌ಗೆ ಹಿಂದಿರುಗಿಸಬೇಕಾಯಿತು. ಲೂವ್ರ್‌ನ ಪೀಠ ಬರಿದಾಯಿತು. ಐದೇ ವರ್ಷಕ್ಕೆ, 1820ರಲ್ಲಿ, ಗ್ರೀಸ್‌ನ ಮಿಲೋಸ್ ದ್ವೀಪದಲ್ಲಿ ಈ ಕೈಯಿಲ್ಲದ ವೀನಸ್ ಸಿಕ್ಕಿತು. ಕಳೆದುಕೊಂಡದ್ದಕ್ಕಿಂತ ಇದೇ ಶ್ರೇಷ್ಠ ಎಂದು ಫ್ರಾನ್ಸ್ ಡಂಗುರ ಸಾರಿತು. ಶಿಲ್ಪದ ಸೌಂದರ್ಯ ಸುಳ್ಳಲ್ಲ. ಆದರೆ ಅದರ ಖ್ಯಾತಿಯ ಹಿಂದೆ ಸೋತ ದೇಶವೊಂದರ ಹಟವೂ ಇದೆ ಎಂದು ತಿಳಿದ ಮೇಲೆ ನೋಡುವ ಕಣ್ಣು ಬೇರೆಯಾಗುತ್ತದೆ.

ನಂತರ ದಾರೂ ಮೆಟ್ಟಿಲು. ಕೆಳಗಿನಿಂದ ತಲೆ ಎತ್ತಿದರೆ ಮೇಲ್ತುದಿಯಲ್ಲಿ ಹಡಗಿನ ಮೂತಿಯ ಮೇಲೆ ಬಂದು ಇಳಿದಂತೆ ನಿಂತಿದೆ ಸಮೋತ್ರೇಸ್‌ನ ವಿಜಯದೇವತೆ. ತಲೆ ಇಲ್ಲ, ತೋಳಿಲ್ಲ, ರೆಕ್ಕೆಗಳಿವೆ. ಕ್ರಿಸ್ತಪೂರ್ವ 190ರ ಸುಮಾರಿನದು. 1863ರಲ್ಲಿ ಫ್ರೆಂಚ್ ರಾಜತಾಂತ್ರಿಕ ಶಾರ್ಲ್ ಶಾಂಪ್ವಾಸೋ ಏಜಿಯನ್ ಸಮುದ್ರದ ದ್ವೀಪದಲ್ಲಿ ಇದನ್ನು ತುಂಡು ತುಂಡಾಗಿ ಕಂಡ. ಇಲ್ಲಿ ಗೈಡ್ ಇದ್ದರೆ ಕಣ್ಣಿಗೆ ಬೀಳುವ ಒಂದು ಸಂಗತಿ ಇದೆ. ಎಡ ರೆಕ್ಕೆಯೇ ಮೂಲದ್ದು. ಬಲ ರೆಕ್ಕೆ ಅದನ್ನು ಕನ್ನಡಿಯಲ್ಲಿ ತಿರುಗಿಸಿದಂತೆ ಪ್ಲಾಸ್ಟರ್‌ನಲ್ಲಿ ಮಾಡಿ ಜೋಡಿಸಿದ್ದು. ಹೇಳುವವರಿಲ್ಲದಿದ್ದರೆ ಸಾವಿರ ಜನರಲ್ಲಿ ಒಬ್ಬರಿಗೂ ತಿಳಿಯದು. ತಿಳಿದ ಮೇಲೆ ಮಾತ್ರ ಕಣ್ಣು ಎರಡನ್ನೂ ಹೋಲಿಸದೆ ಬಿಡುವುದಿಲ್ಲ. ತೆಳು ಬಟ್ಟೆ ಗಾಳಿಗೆ ಮೈಗಂಟಿದ ಪರಿಯನ್ನು ನೋಡಲು ಎಡಬದಿಗೆ ಸರಿದು ಓರೆಯಾಗಿ ನಿಲ್ಲಿ ಎಂದು ಹೇಳುವವರೇ ನಿಜವಾದ ಗೈಡ್.

ಆ ಕೋಣೆ

ಎಷ್ಟೇ ಬಿಟ್ಟರೂ ಮೋನಾಲಿಸಾ ಬಿಡಲಾಗದು. ಪ್ಯಾರಿಸ್‌ವರೆಗೆ ಹೋಗಿ ಅದನ್ನು ನೋಡದೆ ಬಂದೆ ಎಂದರೆ ಊರಲ್ಲಿ ಯಾರೂ ಒಪ್ಪುವುದಿಲ್ಲ. ಡೆನೋನ್ ಭಾಗದ 711ನೇ ಸಂಖ್ಯೆಯ ಕೋಣೆ. 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ. ಪಾಪ್ಲರ್ ಮರದ ಹಲಗೆಯ ಮೇಲೆ ಲಿಯೊನಾರ್ಡೊ ಡಾ ವಿಂಚಿ 1503ರ ಸುಮಾರಿಗೆ ಶುರುಮಾಡಿದ ಚಿತ್ರ. ಫ್ಲಾರೆನ್ಸ್‌ನ ರೇಷ್ಮೆ ವ್ಯಾಪಾರಿ ಫ್ರಾನ್ಸೆಸ್ಕೊ ದೆಲ್ ಜೊಕೊಂಡೊ ಎಂಬಾತನ ಹೆಂಡತಿ ಲಿಸಾ ಎಂದು ಸಾಮಾನ್ಯವಾಗಿ ಒಪ್ಪಿದ್ದಾರೆ. ಫ್ರೆಂಚರು ಇದನ್ನು 'ಲಾ ಜೊಕೊಂದ್' ಎನ್ನುವುದು ಅದಕ್ಕೇ. ಲಿಯೊನಾರ್ಡೊ ಮುಪ್ಪಿನಲ್ಲಿ ದೊರೆ ಮೊದಲನೇ ಫ್ರಾನ್ಸಿಸ್ ಕರೆಗೆ ಓಗೊಟ್ಟು ಫ್ರಾನ್ಸ್‌ಗೆ ಬಂದು, 1519ರಲ್ಲಿ ಅಲ್ಲೇ ತೀರಿಕೊಂಡ. ಚಿತ್ರ ಅರಸರ ಸಂಗ್ರಹ ಸೇರಿತು. ಅಂದರೆ ಇದು ನೆಪೋಲಿಯನ್ ಕೊಳ್ಳೆಯ ಮಾಲಲ್ಲ.

ಇದು ಇಷ್ಟು ಪ್ರಸಿದ್ಧವಾದದ್ದಕ್ಕೆ ನಗುವೊಂದೇ ಕಾರಣವಲ್ಲ. 1911ರ ಆಗಸ್ಟ್ 21, ಸೋಮವಾರ. ಆಗ ಮ್ಯೂಸಿಯಂಗೆ ಸೋಮವಾರ ರಜೆ. ಹಿಂದೆ ಅಲ್ಲೇ ಕೆಲಸ ಮಾಡಿದ್ದ ಇಟಲಿಯ ವಿನ್ಚೆಂಜೊ ಪೆರುಜ್ಜಾ ಚಿತ್ರವನ್ನು ಗೋಡೆಯಿಂದ ಇಳಿಸಿ ಹೊತ್ತು ನಡೆದ. ಕಳುವಾದದ್ದು ಗೊತ್ತಾದದ್ದೇ ಮರುದಿನ! ಕವಿ ಅಪೊಲಿನೇರ್ ಜೈಲು ಕಂಡ, ಪಿಕಾಸೊ ವಿಚಾರಣೆ ಎದುರಿಸಿದ. ಖಾಲಿ ಗೋಡೆಯನ್ನು ನೋಡಲು ಜನ ಸಾಲುಗಟ್ಟಿದರು. ಪೆರುಜ್ಜಾ ಅದನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ಬಚ್ಚಿಟ್ಟುಕೊಂಡಿದ್ದು, 1913ರ ಡಿಸೆಂಬರ್‌ನಲ್ಲಿ ಫ್ಲಾರೆನ್ಸ್‌ನಲ್ಲಿ ಮಾರಲು ಹೋಗಿ ಸಿಕ್ಕಿಬಿದ್ದ. ಪತ್ರಿಕೆಗಳು ಅಷ್ಟೂ ದಿನ ಅವಳ ಮುಖವನ್ನು ಅಚ್ಚು ಹಾಕಿದ್ದವು.

ಬಲ್ಲ ಗೈಡ್ ಈ ಕಥೆಯನ್ನು ಕೋಣೆಯ ಹೊರಗೇ ಹೇಳಿ ಮುಗಿಸಿರುತ್ತಾರೆ. ಒಳಗೆ ಗದ್ದಲ. ಒಳಹೊಕ್ಕಾಗ ಸಾಲು ತಾನಾಗಿ ಮುಂದೆ ತಳ್ಳುತ್ತದೆ, ಒಂದು ನಿಮಿಷ ಸಿಕ್ಕರೆ ಪುಣ್ಯ. ಬೆಟ್ಟ ಅಗೆದು ಇಲಿ ಹಿಡಿದಂತೆ ಅನಿಸುವುದು ಸಹಜ. ಆಗ ಗೈಡ್ ಹೇಳಬೇಕಾದ ಮಾತು ಒಂದೇ: 'ಈಗ ಹಿಂದಿರುಗಿ ನೋಡಿ.'

ಎದುರು ಗೋಡೆಯ ತುಂಬ ವೆರೊನೀಸ್ ಬಿಡಿಸಿದ 'ಕಾನಾದ ಮದುವೆ' ಇದೆ. 1563ರಲ್ಲಿ ಮುಗಿದ ಚಿತ್ರ, 6.77 ಮೀಟರ್ ಎತ್ತರ, 9.94 ಮೀಟರ್ ಅಗಲ. ಲೂವ್ರ್‌ನಲ್ಲಿ ಇದಕ್ಕಿಂತ ದೊಡ್ಡ ವರ್ಣಚಿತ್ರವಿಲ್ಲ. ಏಸು ನೀರನ್ನು ದ್ರಾಕ್ಷಾರಸ ಮಾಡಿದ ಬೈಬಲ್ ಪ್ರಸಂಗವನ್ನು ವೆನಿಸ್‌ನ ಸಿರಿವಂತರ ಮದುವೆಯಂತೆ ಚಿತ್ರಿಸಿದ್ದಾನೆ. ನೂರಕ್ಕೂ ಹೆಚ್ಚು ಜನ, ವಾದ್ಯದವರು, ನಾಯಿಗಳು, ಬಡಿಸುವವರು, ಹಾಡುಹಗಲ ಗಲಾಟೆ. ನಮ್ಮ ಮದುವೆ ಮನೆಯ ಎರಡನೇ ಪಂಕ್ತಿಯ ಗಡಿಬಿಡಿ ಕಂಡವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಇಡೀ ದಿನ ಸಾವಿರಾರು ಜನ ಅದಕ್ಕೆ ಬೆನ್ನು ಹಾಕಿಯೇ ನಿಂತಿರುತ್ತಾರೆ.

ಇದು ಮಾತ್ರ ಕೊಳ್ಳೆಯ ಮಾಲು. 1797ರಲ್ಲಿ ನೆಪೋಲಿಯನ್ ಸೈನಿಕರು ವೆನಿಸ್‌ನ ಸಾನ್ ಜಾರ್ಜೊ ಮಜ್ಜೋರೆ ಮಠದ ಊಟದ ಮನೆಯಿಂದ ಇದನ್ನು ಕಿತ್ತು, ತುಂಡು ಮಾಡಿ ತಂದರು. 1815ರಲ್ಲಿ ಬೇರೆ ಅನೇಕ ಕೃತಿಗಳು ಇಟಲಿಗೆ ಮರಳಿದರೂ ಇದು ಮರಳಲಿಲ್ಲ. ಬದಲಿಗೆ ಫ್ರೆಂಚ್ ಚಿತ್ರಕಾರ ಲ ಬ್ರೂನ್‌ನ ಒಂದು ಚಿತ್ರ ಕೊಟ್ಟು ಕೈತೊಳೆದುಕೊಂಡರು. ಈಗ ವೆನಿಸ್‌ನ ಆ ಊಟದ ಮನೆಯಲ್ಲಿರುವುದು 2007ರಲ್ಲಿ ಹಾಕಿದ ಡಿಜಿಟಲ್ ನಕಲು. ಇದನ್ನು ಹೇಳದೆ ಬರೀ ಅಳತೆ ಹೇಳುವ ಗೈಡ್‌ಗೆ ಪೂರ್ತಿ ಶುಲ್ಕ ಕೊಡಲು ಮನಸ್ಸು ಬರುವುದಿಲ್ಲ.

ಇನ್ನು ಕೆಲವೇ ವರ್ಷ ಈ ಎರಡು ಚಿತ್ರಗಳು ಎದುರುಬದುರಾಗಿರುತ್ತವೆ. 2025ರ ಜನವರಿ 28ರಂದು ಅಧ್ಯಕ್ಷ ಎಮಾನ್ಯುಯೆಲ್ ಮ್ಯಾಕ್ರನ್ ಘೋಷಿಸಿದ ನವೀಕರಣ ಯೋಜನೆಯ ಪ್ರಕಾರ ಮೋನಾಲಿಸಾಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಟಿಕೆಟ್ ಬರಲಿದೆ. ಪೂರ್ವ ದಿಕ್ಕಿನಲ್ಲಿ ಹೊಸ ಪ್ರವೇಶದ್ವಾರವೂ ಯೋಜನೆಯಲ್ಲಿದೆ.

ಸುಳ್ಳು ಹೇಳುವ ಚಿತ್ರ, ಸತ್ಯ ಹೇಳಿದ ಚಿತ್ರ

ಪಕ್ಕದ ಕೆಂಪು ಗೋಡೆಯ ಕೋಣೆಗಳಲ್ಲಿ ಫ್ರೆಂಚ್ ಮಹಾಚಿತ್ರಗಳಿವೆ. ಖಾಸಗಿ ಭೇಟಿಯ ಹಣ ವಸೂಲಾಗುವುದು ಇಲ್ಲಿ.

ಜಾಕ್ ಲೂಯಿ ಡೇವಿಡ್ ಬಿಡಿಸಿದ ನೆಪೋಲಿಯನ್ ಪಟ್ಟಾಭಿಷೇಕ 10 ಮೀಟರ್‌ಗೆ ಸ್ವಲ್ಪ ಕಡಿಮೆ ಅಗಲದ ಚಿತ್ರ. 1804ರ ಡಿಸೆಂಬರ್ 2ರಂದು ನೋತ್ರ್ ದಾಮ್ ಚರ್ಚಿನಲ್ಲಿ ನಡೆದದ್ದು. ನಡುವೆ ಗೌರವದ ಪೀಠದಲ್ಲಿ ನೆಪೋಲಿಯನ್‌ನ ತಾಯಿ ಲೆತಿಜಿಯಾ ಕುಳಿತಿದ್ದಾಳೆ. ನಿಜದಲ್ಲಿ ಆಕೆ ಆ ದಿನ ಬಂದೇ ಇರಲಿಲ್ಲ. ಮಗ ಹೇಳಿದ, ಚಿತ್ರಕಾರ ಕೂರಿಸಿದ. ಫೋಟೊಶಾಪ್ ಹುಟ್ಟುವ ಎಷ್ಟೋ ಮೊದಲಿನ ಮಾತು. ಹತ್ತು ವರ್ಷದ ಹುಡುಗರು ಕೂಡ ಇದನ್ನು ಕೇಳಿ ಚಿತ್ರದಲ್ಲಿ ತಾಯಿಯನ್ನು ಹುಡುಕತೊಡಗುತ್ತಾರೆ.

ಅದೇ ಸಾಲಿನಲ್ಲಿ ಸ್ವಲ್ಪ ಮುಂದೆ ಥಿಯೊಡೋರ್ ಜೆರಿಕೊ ಬಿಡಿಸಿದ 'ಮೆಡ್ಯೂಸಾದ ತೆಪ್ಪ'. 1816ರ ಜುಲೈನಲ್ಲಿ ಫ್ರೆಂಚ್ ನೌಕಾಪಡೆಯ ಮೆಡ್ಯೂಸಾ ಹಡಗು ಆಫ್ರಿಕಾದ ಪಶ್ಚಿಮ ಕರಾವಳಿಯ ಬಳಿ ಮರಳುದಿಬ್ಬಕ್ಕೆ ಸಿಕ್ಕಿಕೊಂಡಿತು. ನಾಯಕ ಇಪ್ಪತ್ತು ವರ್ಷಗಳಿಂದ ಹಡಗು ನಡೆಸಿದವನಲ್ಲ, ಅರಸೊತ್ತಿಗೆಯ ವಶೀಲಿಯಿಂದ ಹುದ್ದೆ ಪಡೆದವನು. ದೊಡ್ಡವರು ದೋಣಿ ಹತ್ತಿದರು. ಸುಮಾರು 147 ಜನರನ್ನು ಮರದ ದಿಮ್ಮಿ ಕಟ್ಟಿದ ತೆಪ್ಪಕ್ಕೆ ಹತ್ತಿಸಿ, ಎಳೆಯುವ ಹಗ್ಗವನ್ನು ಬಿಟ್ಟುಬಿಟ್ಟರು. 13 ದಿನಗಳ ಬಳಿಕ ಅರ್ಗಸ್ ಹಡಗು ಕಂಡಾಗ ಉಳಿದಿದ್ದವರು 15 ಜನ. ಹಸಿವಿಗೆ ಸತ್ತವರ ಮಾಂಸ ತಿಂದಿದ್ದರು. ಸರ್ಕಾರ ಮುಚ್ಚಿಹಾಕಲು ನೋಡಿದ ಈ ಪ್ರಕರಣವನ್ನು ಇನ್ನೂ ಮೂವತ್ತು ತುಂಬದ ಜೆರಿಕೊ 4.91 ಮೀಟರ್ ಎತ್ತರ, 7.16 ಮೀಟರ್ ಅಗಲದ ಕ್ಯಾನ್ವಾಸ್‌ಗೆ ಏರಿಸಿ 1819ರಲ್ಲಿ ಪ್ರದರ್ಶನಕ್ಕಿಟ್ಟ. ಅಷ್ಟು ದೊಡ್ಡ ಅಳತೆ ಅಲ್ಲಿಯವರೆಗೆ ರಾಜರಿಗೆ, ದೇವರಿಗೆ ಮೀಸಲು.

ದೇಹಗಳ ರಾಶಿ ಎಡಗೆಳಗಿನ ಹೆಣದಿಂದ ಶುರುವಾಗಿ ಬಲ ಮೇಲ್ತುದಿಗೆ ಏರುತ್ತದೆ. ಎಲ್ಲಕ್ಕಿಂತ ಮೇಲೆ ನಿಂತು ಬಟ್ಟೆ ಬೀಸುತ್ತಿರುವವನು ಕಪ್ಪು ವರ್ಣದ ಮನುಷ್ಯ. ಫ್ರಾನ್ಸ್‌ನ ವಸಾಹತುಗಳಲ್ಲಿ ಗುಲಾಮಗಿರಿ ಇನ್ನೂ ಇದ್ದ ಕಾಲ ಅದು. ಅವನು ಬೀಸುತ್ತಿರುವುದು ಯಾರಿಗೆ? ದಿಗಂತದಲ್ಲಿ ಒಂದು ಚುಕ್ಕೆಯಂಥ ಹಡಗಿದೆ. ಹತ್ತಿರ ಹೋಗಿ ಹುಡುಕಿದರೆ ಮಾತ್ರ ಕಾಣುವಷ್ಟು ಚಿಕ್ಕದು. ಖಾಸಗಿ ಭೇಟಿಯಲ್ಲಿ ಈ ಹುಡುಕಾಟಕ್ಕೆ ಸಮಯ ಸಿಗುತ್ತದೆ. ನಲವತ್ತು ಜನರ ಪ್ಯಾಕೇಜ್ ಗುಂಪಿನಲ್ಲಿ, ಬಾವುಟ ಹಿಡಿದವನ ಹಿಂದೆ ಓಡುವಾಗ, ಸಿಗುವುದಿಲ್ಲ. ಹದಿನೈದು ನಿಮಿಷ ಒಂದೇ ಚಿತ್ರದ ಮುಂದೆ ನಿಲ್ಲಿಸುವ ಗೈಡ್ ಸಿಕ್ಕರೆ ಗಡಿಯಾರ ನೋಡಬಾರದು.

ಕೃಷ್ಣಾ ತೀರದ ವಜ್ರ

ಭಾರತೀಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: ಇಲ್ಲಿ ನಮ್ಮದೇನಿದೆ? ಚಿತ್ರ, ಶಿಲ್ಪಗಳ ಮಟ್ಟಿಗೆ ಹೇಳುವುದಾದರೆ ಹುಡುಕಬೇಕಾದ ಜಾಗ ಲೂವ್ರ್ ಅಲ್ಲ. ಇಲ್ಲಿದ್ದ ಏಷ್ಯಾದ ಸಂಗ್ರಹ 1945ರಲ್ಲೇ ಪ್ಯಾರಿಸ್‌ನ ಗೀಮೆ ಮ್ಯೂಸಿಯಂಗೆ ಹೋಯಿತು. ಭಾರತ, ಕಾಂಬೋಡಿಯಾ, ಗಾಂಧಾರದ ಶಿಲ್ಪಗಳನ್ನು ನೋಡಲು ಅಲ್ಲಿಗೇ ಹೋಗಬೇಕು. ಜನವೂ ಕಡಿಮೆ.

ಆದರೆ ಒಂದು ವಸ್ತು ಇದೆ. ರೀಜೆಂಟ್ ಎಂಬ ವಜ್ರ, 140 ಕ್ಯಾರೆಟ್‌ಗೂ ಸ್ವಲ್ಪ ಹೆಚ್ಚು ತೂಕ. ಗೋಲ್ಕೊಂಡ ಸೀಮೆಯ, ಈಗ ಆಂಧ್ರಪ್ರದೇಶದಲ್ಲಿರುವ, ಕೃಷ್ಣಾ ನದಿ ದಂಡೆಯ ಕೊಲ್ಲೂರು ಗಣಿಯಲ್ಲಿ ಸಿಕ್ಕದ್ದು. ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆಗಿದ್ದ ಥಾಮಸ್ ಪಿಟ್ ಅದನ್ನು ವರಹಗಳನ್ನು ಎಣಿಸಿ ಕೊಟ್ಟು ಕೊಂಡ. 1717ರಲ್ಲಿ ಫ್ರಾನ್ಸ್‌ನ ರಾಜಪ್ರತಿನಿಧಿ ಓರ್ಲಿಯನ್ಸ್ ಡ್ಯೂಕ್‌ಗೆ ಮಾರಿದ. 15ನೇ ಲೂಯಿಯ ಕಿರೀಟ ಏರಿ, ನೆಪೋಲಿಯನ್‌ನ ಖಡ್ಗದ ಹಿಡಿ ಸೇರಿ, ಕೊನೆಗೆ ಲೂವ್ರ್‌ನ ಅಪೊಲೊ ಗ್ಯಾಲರಿಗೆ ಬಂತು.

2025ರ ಅಕ್ಟೋಬರ್ 19ರ ಭಾನುವಾರ ಬೆಳಗ್ಗೆ ಕಳ್ಳರು ನುಗ್ಗಿದ್ದು ಇದೇ ಗ್ಯಾಲರಿಗೆ. ಮನೆ ಸಾಮಾನು ಸಾಗಿಸುವ ಏಣಿ ಲಾರಿ ತಂದು, ಕಿಟಕಿ ಕತ್ತರಿಸಿ, ಕೆಲವೇ ನಿಮಿಷಗಳಲ್ಲಿ 8 ಆಭರಣ ದೋಚಿದರು. ಅಂದಾಜು ಮೌಲ್ಯ 8.8 ಕೋಟಿ ಯೂರೋ. ಮ್ಯೂಸಿಯಂ ತೆರೆದು ಅರ್ಧ ಗಂಟೆಯಾಗಿತ್ತಷ್ಟೇ, ಒಳಗೆ ಪ್ರವಾಸಿಗರಿದ್ದರು. ಓಡುವಾಗ ರಾಣಿ ಯೂಜೆನಿಯ ಕಿರೀಟವನ್ನು ಕೆಳಗೆ ಬೀಳಿಸಿ ಹೋದರು. ಕೊಲ್ಲೂರಿನ ವಜ್ರವನ್ನು ಮಾತ್ರ ಮುಟ್ಟಲಿಲ್ಲ. ಘಟನೆಯ ಬಳಿಕ ಉಳಿದ ಆಭರಣಗಳಲ್ಲಿ ಹಲವನ್ನು ಬ್ಯಾಂಕ್ ಆಫ್ ಫ್ರಾನ್ಸ್‌ನ ನೆಲಮಾಳಿಗೆಗೆ ಸಾಗಿಸಲಾಯಿತು. ವಜ್ರ ನೋಡುವ ಆಸೆಯಿದ್ದವರು ಅಪೊಲೊ ಗ್ಯಾಲರಿಯ ಸ್ಥಿತಿಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಯಾರಿಗೆ ಬೇಕು, ಯಾರಿಗೆ ಬೇಡ

ಎಲ್ಲರಿಗೂ ಖಾಸಗಿ ಗೈಡ್ ಬೇಕಿಲ್ಲ. ಪ್ಯಾರಿಸ್‌ನಲ್ಲಿ ವಾರವಿಡೀ ಇರುವವರು, ಮೊದಲೇ ಓದಿಕೊಂಡು ಹೋಗುವ ಅಭ್ಯಾಸವಿರುವವರು, ಒಬ್ಬರೇ ಅಲೆಯಲು ಇಷ್ಟಪಡುವವರು ಆ ಹಣ ಉಳಿಸಬಹುದು. ಬುಧವಾರ ಮತ್ತು ಶುಕ್ರವಾರ ಮ್ಯೂಸಿಯಂ ರಾತ್ರಿ 9ರವರೆಗೆ ತೆರೆದಿರುತ್ತದೆ. ಸಂಜೆ ಕಳೆದ ಮೇಲೆ ಜನ ಕರಗುತ್ತಾರೆ. ಮ್ಯೂಸಿಯಂ ತಾನೇ ನಡೆಸುವ ಗುಂಪು ಭೇಟಿಗಳೂ ಇವೆ, ಅಗ್ಗ.

ಮೂರು ತಲೆಮಾರು ಒಟ್ಟಿಗೆ ಹೋಗುವ ಕುಟುಂಬಗಳಿಗೆ, ಅರ್ಧ ದಿನ ಮಾತ್ರ ಇರುವವರಿಗೆ, ಮಂಡಿನೋವಿನ ಹಿರಿಯರಿಗೆ ಖಾಸಗಿ ಗೈಡ್ ನಿಜಕ್ಕೂ ಉಪಕಾರಿ. ಲಿಫ್ಟ್ ಎಲ್ಲಿದೆ, ಬೆಂಚು ಎಲ್ಲಿದೆ, ಯಾವ ಶೌಚಾಲಯದಲ್ಲಿ ಸಾಲಿಲ್ಲ ಎಂಬ ಜ್ಞಾನಕ್ಕೆ ಕಲಾ ಇತಿಹಾಸದಷ್ಟೇ ಬೆಲೆ ಇದೆ. ಮ್ಯೂಸಿಯಂ ಗಾಲಿಕುರ್ಚಿಯನ್ನು ಉಚಿತವಾಗಿ ಕೊಡುತ್ತದೆ. ಇಂಗ್ಲಿಷ್ ಬಾರದ ಹಿರಿಯರಿದ್ದರೆ ಗೈಡ್‌ಗೆ ಮೊದಲೇ ತಿಳಿಸಬೇಕು. ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ, ಮನೆಯವರೊಬ್ಬರು ಕನ್ನಡದಲ್ಲಿ ಹೇಳಲು ಬಿಡುವು ಕೊಡಿ ಎಂದು ಕೇಳಿದರೆ ಒಳ್ಳೆಯ ಗೈಡ್ ಸಂತೋಷದಿಂದಲೇ ಒಪ್ಪುತ್ತಾರೆ. ಹಾಗೆ ಮಾಡದೆ, ಅಮ್ಮ ಎರಡು ಗಂಟೆ ಸುಮ್ಮನೆ ತಲೆಯಾಡಿಸಿ ಬರುವಂತಾದರೆ ಯಾರಿಗಾಗಿ ಹೋದದ್ದು?

ಮಕ್ಕಳಿದ್ದರೆ ದಾರಿ ಬದಲಿಸಲು ಹೇಳಬೇಕು. ರಿಶೆಲ್ಯೂ ಭಾಗದಲ್ಲಿ ಖೋರ್ಸಾಬಾದ್‌ನ ಅಸೀರಿಯಾ ಅರಮನೆಯಿಂದ ತಂದ ಮನುಷ್ಯಮುಖದ ರೆಕ್ಕೆಗೂಳಿಗಳಿವೆ. ನಾಲ್ಕು ಮೀಟರ್ ಮೀರಿದ ಎತ್ತರ. ಎಷ್ಟು ಕಾಲು ಎಂದು ಎಣಿಸಲು ಹೇಳಿದರೆ ಮಕ್ಕಳು ಐದು ಎನ್ನುತ್ತಾರೆ, ಸರಿಯಾಗಿಯೇ. ಎದುರಿನಿಂದ ನೋಡಿದರೆ ನಿಂತಂತೆ, ಪಕ್ಕದಿಂದ ನೋಡಿದರೆ ನಡೆದಂತೆ ಕಾಣಲೆಂದು ಶಿಲ್ಪಿ ಮಾಡಿದ ಉಪಾಯ ಅದು. ಹತ್ತಿರದಲ್ಲೇ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಕಾನೂನುಗಳನ್ನು ಕೆತ್ತಿದ ಕರಿಕಲ್ಲು ನಿಂತಿದೆ, 2.25 ಮೀಟರ್ ಎತ್ತರ. ಸುಮಾರು 3,700 ವರ್ಷ ಹಳೆಯದು. ಊರೂರಿನ ಶಾಸನಕಲ್ಲುಗಳ ನಡುವೆ ಬೆಳೆದವರಿಗೆ ಇದು ಅಪರಿಚಿತ ಎನಿಸದು: ಮೇಲೆ ದೇವರು ಮತ್ತು ರಾಜ, ಕೆಳಗೆ ಸಾಲು ಸಾಲು ಬರಹ.

ಹೊರಡುವ ಮುಂಚೆ ಊರಲ್ಲೇ ಒಂದು ತಾಲೀಮು ಮಾಡಬಹುದು. ಹೈದರಾಬಾದ್‌ನಲ್ಲಿರುವವರು ಸಾಲಾರ್ ಜಂಗ್ ಮ್ಯೂಸಿಯಂನ ಮುಸುಕಿನ ರೆಬೆಕಾ ಮುಂದೆ, ಚೆನ್ನೈನವರು ಎಗ್ಮೋರ್ ಮ್ಯೂಸಿಯಂನ ಕಂಚಿನ ನಟರಾಜನ ಮುಂದೆ ಹತ್ತು ನಿಮಿಷ ಮಕ್ಕಳ ಜೊತೆ ಕೂತು ನೋಡಲಿ. ಹತ್ತು ನಿಮಿಷ ಎಷ್ಟು ದೀರ್ಘ ಎಂಬುದು ಆಗ ಗೊತ್ತಾಗುತ್ತದೆ.

ಕೆಲವು ಸಣ್ಣಪುಟ್ಟ ಮಾತು

ಮಂಗಳವಾರ ಲೂವ್ರ್‌ಗೆ ರಜೆ. ದೊಡ್ಡ ಸೂಟ್‌ಕೇಸ್‌ಗಳನ್ನು ಒಳಗೆ ಬಿಡುವುದಿಲ್ಲ, ವಿಮಾನ ನಿಲ್ದಾಣದಿಂದ ನೇರವಾಗಿ ಹೋಗುವ ಯೋಚನೆ ಬಿಡಬೇಕು. ಫ್ಲ್ಯಾಶ್ ಹಾಕದೆ ಫೋಟೊ ತೆಗೆಯಬಹುದು, ಸೆಲ್ಫಿ ಸ್ಟಿಕ್ ನಿಷಿದ್ಧ. ಮೆಟ್ರೊ 1 ಮತ್ತು 7ನೇ ಮಾರ್ಗದ ಪಾಲೆ ರೊಯಾಲ್ ನಿಲ್ದಾಣದಲ್ಲಿ ಇಳಿಯಬೇಕು. ಜೇಬುಗಳ್ಳರ ಬಗ್ಗೆ ಎಚ್ಚರ. 2013ರಲ್ಲಿ ಅವರ ಕಾಟ ತಡೆಯಲಾರದೆ ಸಿಬ್ಬಂದಿಯೇ ಒಂದು ದಿನ ಮುಷ್ಕರ ಹೂಡಿ ಬಾಗಿಲು ಮುಚ್ಚಿದ್ದರು. ಎಲ್ಲ ಕೋಣೆಗಳೂ ಪ್ರತಿದಿನ ತೆರೆದಿರುವುದಿಲ್ಲ. ಯಾವ ವಾರ ಯಾವುದು ಮುಚ್ಚಿರುತ್ತದೆ ಎಂಬ ಪಟ್ಟಿ ಅಧಿಕೃತ ಜಾಲತಾಣದಲ್ಲಿರುತ್ತದೆ.

ಗೈಡ್ ವಿದಾಯ ಹೇಳುವುದು ಹೊರಬಾಗಿಲಲ್ಲಿ ಬೇಡ, ಒಳಗೇ ಆಗಲಿ. ಒಮ್ಮೆ ಹೊರಬಿದ್ದರೆ ಅದೇ ಟಿಕೆಟ್‌ನಲ್ಲಿ ಮತ್ತೆ ಒಳಗೆ ಬಿಡುವುದಿಲ್ಲ. ಹಿರಿಯರನ್ನು ಕೆಫೆಯಲ್ಲಿ ಕೂರಿಸಿ, ಕಾಲಲ್ಲಿ ಇನ್ನೂ ಕಸುವಿದ್ದವರು ರಿಶೆಲ್ಯೂ ಭಾಗದ ಎರಡನೇ ಮಹಡಿಗೆ ಹತ್ತಬಹುದು. ಡಚ್ ಚಿತ್ರಕಾರ ವರ್ಮೀರ್ ಬಿಡಿಸಿದ 'ಲೇಸ್ ಹೆಣೆಯುವವಳು' ಅಲ್ಲಿದೆ. 24 ಸೆಂಟಿಮೀಟರ್ ಎತ್ತರ, 21 ಸೆಂಟಿಮೀಟರ್ ಅಗಲ, ಶಾಲೆಯ ನೋಟ್‌ಬುಕ್‌ನಷ್ಟು. ಹಳದಿ ಬಟ್ಟೆ ತೊಟ್ಟ ಹುಡುಗಿಯೊಬ್ಬಳು ತಲೆ ತಗ್ಗಿಸಿ ದಾರ ಹಿಡಿದಿದ್ದಾಳೆ, ಪಕ್ಕದ ದಿಂಬಿನಿಂದ ಕೆಂಪು ಮತ್ತು ಬಿಳಿ ನೂಲು ಬಣ್ಣ ಚೆಲ್ಲಿದಂತೆ ಇಳಿದಿದೆ. ಮೋನಾಲಿಸಾಗಿಂತಲೂ ಚಿಕ್ಕದು, ಎದುರಿಗೆ ಕಟಕಟೆಯಿಲ್ಲ, ನೂಕುನುಗ್ಗಲಿಲ್ಲ. ಮೂಗು ತಾಗುವಷ್ಟು ಹತ್ತಿರ ಹೋದರೆ ಕಾವಲುಗಾರರು ಗದರಿಸುತ್ತಾರೆ, ಅಷ್ಟೇ.